ಮಕ್ಕಳಿಗೆ ಪ್ರವಾಸ ಸಾಲದು, ಶಿಬಿರ ಬೇಕು
(ಜಡೆಯಲ್ಲಿ ಪಾಲಕರ ಮತ್ತು ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಇಲ್ಲಿ ಸೇರಿದವರಲ್ಲಿ ಹೆಚ್ಚಿನವರು ಗದ್ದೆ, ತೋಟ, ಕೂಲಿಯನ್ನು ನಂಬಿ ಬದುಕುವವರು. ನಿಮ್ಮೆದುರು ಕಡಲಿನ ಮಾತು ಎತ್ತಿದರೆ ‘ಜಡೆಗೂ ಕಡಲಿಗೂ ಎತ್ತಣ ಸಂಬಂಧ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಸಂಬಂಧ ಉಂಟು. ಜೂನ್ ತಿಂಗಳಲ್ಲಿ ನಮ್ಮ ಗದ್ದೆಗೆ ಬೀಳುವ ಮಳೆ ಪಡುವಣ ಕಡಲಿನ ಮೇಲಿಂದ ಬಂದು ಘಟ್ಟ ಹತ್ತಿದ್ದು. ಆದರೆ ಆ ನೀರು ಮರಳಿ ಅದೇ ಕಡಲಿಗೆ ಹೋಗುವುದಿಲ್ಲ. ದಂಡಾವತಿ ಬಂಕಸಾಣದಲ್ಲಿ ವರದೆಯನ್ನು ಸೇರುತ್ತಾಳೆ. ವರದೆ ಗಳಗನಾಥದ ಬಳಿ ತುಂಗಭದ್ರೆಯನ್ನು, ತುಂಗಭದ್ರೆ ಮುಂದೆ ಕೃಷ್ಣೆಯನ್ನು ಸೇರಿ ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುಗಡಲು ಕೊಟ್ಟ ನೀರನ್ನು ಮೂಡುಗಡಲಿಗೆ ಮುಟ್ಟಿಸುವ ಊರು ನಮ್ಮದು! ಏಳನೆಯ ತರಗತಿಯ ಹುಡುಗನಿಗೆ ಇದನ್ನು ನಕಾಶೆಯಲ್ಲಿ ತೋರಿಸಿದರೆ ಅವನು ಪರೀಕ್ಷೆಯ ಮರುದಿನ ಮರೆಯುತ್ತಾನೆ. ಘಟ್ಟದ ತುದಿಯಲ್ಲಿ ನಿಲ್ಲಿಸಿ ಎರಡೂ ಕಡೆ ತೋರಿಸಿದರೆ ಮರೆಯುವುದಿಲ್ಲ.

ಇನ್ನೊಂದು ಸಂಬಂಧ ಉಪ್ಪಿನದು. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಇವತ್ತಿಗೂ ಕಡಲ ನೀರನ್ನು ಪಾತಿಗಳಲ್ಲಿ ಒಣಗಿಸಿ ಉಪ್ಪು ತೆಗೆಯುತ್ತಾರೆ. ಹಿಂದಿನವರು ಎತ್ತಿನ ಗಾಡಿಯಲ್ಲಿ ಅಕ್ಕಿ ಹೇರಿಕೊಂಡು ಘಟ್ಟ ಇಳಿದು ಉಪ್ಪು ಹೇರಿಕೊಂಡು ಘಟ್ಟ ಹತ್ತಿದರು. ಇಂದು ಬನವಾಸಿ, ಶಿರಸಿ, ದೇವಿಮನೆ ಘಟ್ಟದ ಮೇಲೆ ಕುಮಟೆಗೆ ಬಸ್ಸಿನಲ್ಲಿ ಒಂದು ಹೊತ್ತಿನ ದಾರಿ. ಆದರೂ ಕಡಲನ್ನು ಕಾಣದೆಯೇ ಹೈಸ್ಕೂಲು ಮುಗಿಸುವ ಮಕ್ಕಳು ಈ ತಾಲ್ಲೂಕಿನಲ್ಲಿದ್ದಾರೆ. ಕಂಡವರು ಕೂಡ ಹೇಗೆ ಕಂಡರು? ಪ್ರವಾಸದ ಬಸ್ಸಿನಿಂದ ಇಳಿದು, ಅರ್ಧ ಗಂಟೆ ಮರಳಿನಲ್ಲಿ ಓಡಿ, ಪ್ಯಾಂಟು ಒದ್ದೆ ಮಾಡಿಕೊಂಡು, ಸೀಟಿ ಊದಿದೊಡನೆ ಬಸ್ಸು ಹತ್ತಿ!

ನಮ್ಮ ಇಂದಿನ ಮಾತು ಈ ಪ್ರವಾಸದ ಬಗ್ಗೆಯೇ. ನಾವು ಅದರ ದ್ವೇಷಿಗಳಲ್ಲ. ಆದರೆ ಮೂರು ದಿನಕ್ಕೆ ಒಂಬತ್ತು ಊರು ತೋರಿಸಿ, ರಾತ್ರಿಯೆಲ್ಲ ಬಸ್ಸು ಓಡಿಸಿ, ನಿದ್ದೆಗೆಟ್ಟ ಮಕ್ಕಳನ್ನು ನಿದ್ದೆಗೆಟ್ಟ ಮೇಷ್ಟರ ಕೈಯಲ್ಲಿ ಕಡಲ ಮುಂದೆ ನಿಲ್ಲಿಸುವುದು ವಿದ್ಯೆಯೂ ಅಲ್ಲ, ವಿಹಾರವೂ ಅಲ್ಲ, ಅಪಾಯ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದುದನ್ನು ನೀವೆಲ್ಲ ಕೇಳಿದ್ದೀರಿ. ಬಯಲುಸೀಮೆಯ ಮಕ್ಕಳು. ಅಲೆ ಬಂದು ಕಾಲು ತೊಳೆದು ಹೋಗುವುದನ್ನು ಕಂಡು ಆನಂದಪಟ್ಟ ಮಕ್ಕಳು. ಆಮೇಲೆ ಉಪಾಧ್ಯಾಯರ ಬಂಧನವಾಯಿತು, ಕೆಲಕಾಲ ಆ ಕಡಲತೀರವನ್ನು ಮುಚ್ಚಿದರು. ತಪ್ಪು ಯಾರದೆಂದು ನ್ಯಾಯಾಲಯ ಹೇಳಲಿ. ನಾವು ಕೇಳುವುದು ಬೇರೆ: ಆ ಮಕ್ಕಳಿಗೆ ನೀರಿಗಿಳಿಯುವ ಮೊದಲು ಕಡಲು ಎಂದರೇನೆಂದು ಯಾರಾದರೂ ಹೇಳಲು ನಮ್ಮ ಶಿಕ್ಷಣಕ್ರಮದಲ್ಲಿ ಎಲ್ಲಿಯಾದರೂ ಜಾಗವಿದೆಯೆ?

ಹೇಳಬೇಕಾದದ್ದು ಬಹಳವೇನಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಿಯಾದರೂ ಹಿಂದಕ್ಕೆ ಹೋಗಲೇಬೇಕು. ಅದು ಮರಳಿನ ದಿಬ್ಬಗಳ ನಡುವಿನ ಒಂದು ಕಾಲುವೆ ಹಿಡಿದು ರಭಸದಿಂದ ಒಳಕ್ಕೆ ಸೆಳೆಯುತ್ತದೆ. ಇದರ ಮೋಸವೆಂದರೆ, ಸೆಳೆತ ಇರುವ ಜಾಗದಲ್ಲಿ ಅಲೆ ಒಡೆಯುವುದು ಕಡಮೆ. ನೀರು ತುಸು ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ಅರಿಯದವನು ‘ಇಲ್ಲಿ ಅಲೆಯಿಲ್ಲ, ಇದೇ ಒಳ್ಳೆಯ ಜಾಗ’ ಎಂದು ಅಲ್ಲೇ ಇಳಿಯುತ್ತಾನೆ. ಸಿಕ್ಕಿಕೊಂಡವನು ಹೆದರಿ ನೇರವಾಗಿ ದಡದ ಕಡೆಗೆ ಈಜುತ್ತಾನೆ. ಎಂಥ ಈಜುಗಾರನೂ ಆ ಸೆಳೆತದೆದುರು ಸೋಲುತ್ತಾನೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದರೆ ಸೆಳೆತ ತಪ್ಪುತ್ತದೆ. ಈಜಲಾರದವನು ಕೈಕಾಲು ಬಡಿಯದೆ ತೇಲುತ್ತ ಕೂಗಿ ಕರೆಯಬೇಕು. ದಿಬ್ಬದ ಮೇಲೆ ಕೂರಿಸಿ, ಬೆರಳಿಟ್ಟು ತೋರಿಸಿ ಹೇಳಿದರೆ ಅರ್ಧ ಗಂಟೆಯ ಪಾಠ. ಈ ಅರ್ಧ ಗಂಟೆ ಪ್ರವಾಸದ ಬಸ್ಸಿಗೆ ಸಿಗುವುದಿಲ್ಲ, ಶಿಬಿರಕ್ಕೆ ಸಿಗುತ್ತದೆ.

ಶಿಬಿರಗಳು ನಮ್ಮಲ್ಲಿ ಇಲ್ಲವೆಂದಲ್ಲ. ಬೇಸಿಗೆ ಬಂತೆಂದರೆ ನಗರಗಳಲ್ಲಿ ಕಡಲ ವಿಜ್ಞಾನದ ಶಿಬಿರ, ಸಾಹಸ ಶಿಬಿರ, ದೋಣಿ ನಡೆಸುವ ಶಿಬಿರ ಎಂದು ಜಾಹೀರಾತುಗಳು ಸಾಲುಗಟ್ಟುತ್ತವೆ. ಅಲ್ಲಿ ಕಲಿಸುವುದು ಒಳ್ಳೆಯದನ್ನೇ. ಆದರೆ ಒಂದು ವಾರದ ಶುಲ್ಕ ಕೂಲಿ ಮಾಡುವ ಮನೆಯ ಒಂದು ತಿಂಗಳ ದುಡಿಮೆಯನ್ನೇ ನುಂಗುವುದುಂಟು. ಪಕ್ಕದ ಸಾಗರ ತಾಲ್ಲೂಕಿನ ಹೊನ್ನೇಮರಡನ್ನು ನೋಡಿ. ಲಿಂಗನಮಕ್ಕಿಯ ಹಿನ್ನೀರಿನ ಮೇಲೆ ದೋಣಿ ನಡೆಸಲು, ಈಜಲು, ದ್ವೀಪದಲ್ಲಿ ರಾತ್ರಿ ಕಳೆಯಲು ದೂರದೂರದಿಂದ ಮಕ್ಕಳು ಬರುತ್ತಾರೆ. ಬರಲಿ, ಸಂತೋಷ. 1964ರಲ್ಲಿ ಅಣೆಕಟ್ಟು ಮುಗಿದು ಆ ನೀರಿನಡಿಗೆ ಹೋದ ಶರಾವತಿ ಕಣಿವೆಯ ಹಳ್ಳಿಗಳವರ ಮೊಮ್ಮಕ್ಕಳು ಆ ದೋಣಿಯಲ್ಲಿ ಎಷ್ಟು ಮಂದಿ ಕುಳಿತರು ಎಂದು ಮಾತ್ರ ನಾವು ಕೇಳುತ್ತೇವೆ. ಉಳ್ಳವರ ಮಗುವಿಗೆ ಶಿಬಿರ, ಇಲ್ಲದವರ ಮಗುವಿಗೆ ಓಡುವ ಬಸ್ಸಿನ ಪ್ರವಾಸ, ಅದೂ ಇಲ್ಲದವರ ಮಗುವಿಗೆ ದನ ಕಾಯುವ ಕೆಲಸ. ರಜೆಯಲ್ಲಿಯೂ ಮೂರು ಜಾತಿ!

ಇದು ಹೀಗೆಯೇ ಇರಬೇಕಾಗಿಲ್ಲ. ಫ್ರಾನ್ಸಿನಲ್ಲಿ ಪ್ಯಾರಿಸ್ ಸುತ್ತಲಿನ ಕಾರ್ಮಿಕರ ಊರುಗಳ ಪುರಸಭೆಗಳು ತಮ್ಮ ಖರ್ಚಿನಲ್ಲಿ ಗಿರಣಿ ಕೆಲಸಗಾರರ ಮಕ್ಕಳನ್ನು ಬೇಸಿಗೆಯಲ್ಲಿ ಕಡಲತೀರದ ಶಿಬಿರಗಳಿಗೆ ಕಳಿಸುತ್ತಿದ್ದವು. ಲಿಯೋನ್ ಬ್ಲೂಮರ ಸರ್ಕಾರ 1936ರಲ್ಲಿ ದುಡಿಯುವವರಿಗೆ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆಯನ್ನು ಶಾಸನದ ಮೂಲಕ ಕೊಟ್ಟಿತು. ಕಡಲು ನೋಡುವುದು ಹಕ್ಕು ಎಂಬ ಭಾವನೆ ಅಲ್ಲಿ ಬೇರೂರಿದ್ದು ಹೀಗೆ. ಅದೇ 1936ರಲ್ಲಿ ನಮ್ಮ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಹೊರತಂದರು. ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ನಾಲ್ಕು ಗೋಡೆಗಳ ಹೊರಗೆ ಬೆಳೆಸುವ ಪ್ರಯೋಗ ಮಾಡಿದವರೂ ಅವರೇ. ಅವರ ಬೆನ್ನಿಗೆ ಪುರಸಭೆಯ ಬೊಕ್ಕಸವಿರಲಿಲ್ಲ. ಒಬ್ಬ ಮನುಷ್ಯನ ಹಟದಿಂದ ಆದ ಕೆಲಸ ಅದು.

ನಮ್ಮ ಮಕ್ಕಳು ಕಡಲಿನ ವಿಜ್ಞಾನಕ್ಕೆ ಹೊಸಬರು ಎಂದು ಯಾರೂ ತಿಳಿಯಬೇಡಿ. ಬೇಸಿಗೆಯಲ್ಲಿ ಕೆರೆ ನೀರು ಇಳಿದಾಗ ಕೆರೆಬೇಟೆಗೆ ಕೂಣಿ ಹಿಡಿದು ನುಗ್ಗುವ ಹುಡುಗನನ್ನು ಕೇಳಿ. ಮುರುಗೋಡು ಕೆಸರಿನಲ್ಲಿ ಎಲ್ಲಿ ಅಡಗುತ್ತದೆ, ಕುಚ್ಚು ಎಲ್ಲಿ ಓಡುತ್ತದೆ, ಅವನಿಗೆ ಗೊತ್ತು. ಮೊದಲ ಮಳೆಗೆ ಮೀನು ಗದ್ದೆಗೆ ಹತ್ತುವುದು ಗೊತ್ತು. ಗದ್ದೆಯ ಬದುವಿನಲ್ಲಿ ಏಡಿ ಯಾವ ಬಿಲದಲ್ಲಿದೆ ಎಂಬುದು ಗೊತ್ತು. ಗುಡವಿಯ ಹಕ್ಕಿಗಳು ಯಾವಾಗ ಬರುತ್ತವೆ ಎಂಬುದೂ ಗೊತ್ತು. ಶಾಲೆ ಇದನ್ನು ವಿಜ್ಞಾನವೆಂದು ಲೆಕ್ಕಕ್ಕೇ ಹಿಡಿಯಲಿಲ್ಲ. ಕೆರೆಯ ಏಡಿಯನ್ನು ಬಲ್ಲವನನ್ನು ಕಡಲ ಏಡಿಯ ಮುಂದೆ ಕೂರಿಸಿದರೆ ಪ್ರಶ್ನೆ ಅವನಿಂದಲೇ ಹೊರಡುತ್ತದೆ: ಇದು ಉಪ್ಪು ನೀರಿನಲ್ಲಿ ಹೇಗೆ ಬದುಕುತ್ತದೆ, ನಮ್ಮದು ಏಕೆ ಬದುಕುವುದಿಲ್ಲ?

ಹಾಗಾದರೆ ಎಲ್ಲಿಗೆ ಹೋಗಬೇಕು? ನಮ್ಮ ಸಲಹೆ ಕುಮಟಾ ತಾಲ್ಲೂಕಿನ ಅಘನಾಶಿನಿಯ ಅಳಿವೆ. ಶಿರಸಿಯ ಕಡೆ ಹುಟ್ಟಿ, ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಕ್ಕದೆ ಕಡಲು ಸೇರುವ ಹೊಳೆ ಅದು. 2024ರಲ್ಲಿ ಆ ಅಳಿವೆ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಪಟ್ಟಿಯ ಗೌರವಕ್ಕಿಂತ ಅಲ್ಲಿನ ಬದುಕು ದೊಡ್ಡದು. ಇಳಿತದ ಹೊತ್ತಿನಲ್ಲಿ ಹೆಂಗಸರು ಗಂಡಸರು ನೀರಿಗಿಳಿದು ಬಳಚು ಹೆಕ್ಕುತ್ತಾರೆ. ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ, ಉಳಿದ ಕಾಲಕ್ಕೆ ಸಿಗಡಿ, ಮೀನು. ನಮ್ಮ ರೈತನ ಮಗನಿಗೆ ಇದಕ್ಕಿಂತ ಆಶ್ಚರ್ಯದ ಸಂಗತಿ ಯಾವುದು? ನಮ್ಮ ಗದ್ದೆಗೆ ಉಪ್ಪು ನೀರು ನುಗ್ಗಿದರೆ ಪೈರು ಸುಟ್ಟುಹೋಗುತ್ತದೆ, ಅಲ್ಲಿ ಉಪ್ಪಿನೊಡನೆ ಒಪ್ಪಂದ ಮಾಡಿಕೊಂಡು ಭತ್ತ ಬೆಳೆಯುತ್ತಾರೆ.

ಅಲ್ಲಿ ಐದಾರು ದಿನ ನಿಂತ ಮಕ್ಕಳಿಗೆ ಪುಸ್ತಕವೇ ಬೇಡ. ಮೊದಲ ದಿನ ಗುರುತು ಹಾಕಿದ ಬಿದಿರುಗಳವೊಂದನ್ನು ನೀರಿನಂಚಿನಲ್ಲಿ ನೆಟ್ಟು ಗಂಟೆಗೊಮ್ಮೆ ಬರೆದಿಡಲಿ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡ. ಏಕೆ ತಡವೆಂದು ಹುಡುಕಿದರೆ ಚಂದ್ರ ಸಿಕ್ಕುತ್ತಾನೆ. ಎರಡನೆಯ ದಿನ ಮೂರು ಶೀಷೆ ನೀರು: ಕಡಲಿನದೊಂದು, ಅಳಿವೆಯದೊಂದು, ಹೊಳೆಯಲ್ಲಿ ಮೇಲೆ ಹೋಗಿ ತಂದದ್ದೊಂದು. ಒಲೆಯ ಮೇಲಿಟ್ಟು ಬತ್ತಿಸಿ ಉಳಿದ ಉಪ್ಪನ್ನು ತೂಗಲಿ. ತೆರೆದ ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಉಳಿದೆರಡರಲ್ಲಿ ಎಷ್ಟೆಂಬುದನ್ನು ಅವರೇ ನಮಗೆ ಹೇಳಲಿ. ಕಾಂಡ್ಲ ಗಿಡದ ಬೇರು ಕೆಸರಿನಿಂದ ಮೇಲಕ್ಕೆ ಮೂಗೆತ್ತಿ ಉಸಿರಾಡುವುದನ್ನೂ, ಕಾಂಡ್ಲದ ಕೆಲವು ಜಾತಿಗಳಲ್ಲಿ ಬೀಜ ತಾಯಿ ಮರದಲ್ಲಿರುವಾಗಲೇ ಮೊಳಕೆಯೊಡೆಯುವುದನ್ನೂ ಹೊನ್ನಾವರದ ಕಾಸರಕೋಡಿನ ಕಾಂಡ್ಲ ವನದಲ್ಲಿ ಕಾಲುಸೇತುವೆಯ ಮೇಲೆ ನಡೆಯುತ್ತಲೇ ನೋಡಬಹುದು. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಕೇಂದ್ರ ಸರ್ಕಾರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಕಡಲಿನಲ್ಲಿ ಪಂಜರ ಕಟ್ಟಿ ಮೀನು ಸಾಕುವ ವಿದ್ಯೆಯನ್ನು ಅಲ್ಲಿ ಬೆಳೆಸಿದ್ದಾರೆ. ಇವೆಲ್ಲ ಜನರ ತೆರಿಗೆಯಿಂದ ನಡೆಯುವ ಸಂಸ್ಥೆಗಳು. ಅಲ್ಲಿನ ವಿದ್ವಾಂಸರು ಒಂದು ಸಂಜೆ ಬಂದು ಮಕ್ಕಳೊಡನೆ ಮರಳಿನ ಮೇಲೆ ಕೂರಲಿ ಎಂದು ಕೇಳುವ ಅಧಿಕಾರ ನಮಗಿದೆ.

ಆದರೆ ಮುಖ್ಯ ಗುರುಗಳು ಬಳಚು ಹೆಕ್ಕುವ ಹೆಂಗಸರು, ದೋಣಿ ನಡೆಸುವ ಅಂಬಿಗರು, ಬಲೆ ಹಾಕುವ ಹರಿಕಂತ್ರರು. ನೀರು ಎಲ್ಲಿ ಸೆಳೆಯುತ್ತದೆ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಅವರ ಒಂದು ದಿನದ ದುಡಿಮೆ ಕೆಡಿಸಿ ‘ಧನ್ಯವಾದ’ ಹೇಳಿ ಬರುವುದು ನಮಗೆ ಒಪ್ಪಿಗೆಯಿಲ್ಲ. ಉಪಾಧ್ಯಾಯರಿಗೆ ಕೊಡುವಂತೆಯೇ ಅವರಿಗೂ ಸಂಭಾವನೆ ಕೊಡಬೇಕು.

ಸಾಹಸವೆಂದರೆ ಹಗ್ಗಕ್ಕೆ ಜೋತುಬಿದ್ದು ಕಿರುಚುವುದು ಎಂದು ಈಗ ಭಾವನೆ ಬಂದಿದೆ. ಈಜು ಕಲಿಯುವುದು, ದೋಣಿಗೆ ಹುಟ್ಟು ಹಾಕುವುದು, ಕತ್ತಲಲ್ಲಿ ಹೆದರದೆ ಮರಳ ದಂಡೆಯ ಮೇಲೆ ನಡೆಯುವುದು, ಹತ್ತು ಜನಕ್ಕೆ ಗಂಜಿ ಬೇಯಿಸುವುದು, ಇವು ನಮ್ಮ ದೃಷ್ಟಿಯಲ್ಲಿ ಸಾಹಸ. ಈಜನ್ನು ಮಾತ್ರ ಇಲ್ಲೇ, ಕಡಲಿಗೆ ಹೋಗುವ ಮೊದಲೇ, ಹಿರಿಯರ ಕಾವಲಿನಲ್ಲಿ ಕಲಿಸಬೇಕು. ಕೆರೆಗಳ ತಾಲ್ಲೂಕಿನಲ್ಲಿ ಹುಟ್ಟಿ ಈಜು ಬಾರದಿರುವುದು ವಿಪರೀತ. ಕೆರೆಯೂ ಮಕ್ಕಳನ್ನು ನುಂಗಿದ್ದು ನಿಮಗೆ ಗೊತ್ತಿಲ್ಲದ್ದಲ್ಲ.

ಉಪಾಧ್ಯಾಯರಿಗೆ ಒಂದು ಮಾತು. 1873ರಲ್ಲಿ ಅಗಾಸಿ ಎಂಬ ವಿಜ್ಞಾನಿ ಅಮೆರಿಕದ ಪೆನಿಕೀಸ್ ಎಂಬ ಪುಟ್ಟ ದ್ವೀಪದಲ್ಲಿ ಕಡಲ ಜೀವಿಗಳನ್ನು ಕುರಿತ ಬೇಸಿಗೆ ಶಾಲೆ ತೆರೆದಾಗ, ಅಲ್ಲಿಗೆ ಕರೆದದ್ದು ಮಕ್ಕಳನ್ನಲ್ಲ, ಶಾಲಾ ಉಪಾಧ್ಯಾಯರನ್ನು, ಗಂಡಸರನ್ನೂ ಹೆಂಗಸರನ್ನೂ. ಮೊದಲು ಮೇಷ್ಟರು ಕೆಸರಿಗಿಳಿಯಲಿ ಎಂಬುದು ಅವನ ಲೆಕ್ಕ. ನಮ್ಮ ಶಿಬಿರಕ್ಕೂ ಒಂದು ತಿಂಗಳ ಮೊದಲೇ ಇಬ್ಬರು ಮೂವರು ಉಪಾಧ್ಯಾಯರು ಹೋಗಿ, ಊರವರೊಡನೆ ನಿಂತು, ಜಾಗ ನೋಡಿ ಬರಬೇಕು.

ಇನ್ನು ಹಣದ ಪ್ರಶ್ನೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಸರ್ಕಾರದ ಖರ್ಚಿನಲ್ಲಿ ‘ಕರ್ನಾಟಕ ದರ್ಶನ’ ಪ್ರವಾಸಗಳನ್ನು ಮಾಡಿಸಿದ್ದುಂಟು. ಆ ಮಾದರಿಯ ಹಣವನ್ನು ಒಂಬತ್ತು ಊರಿಗೆ ಹರಡದೆ ಒಂದೇ ಊರಿನಲ್ಲಿ ಆರು ದಿನ ನಿಲ್ಲಲು ಕೊಡಿ ಎಂಬುದು ನಮ್ಮ ಬೇಡಿಕೆ. ಬೇಸಿಗೆಯಲ್ಲಿ ಕರಾವಳಿಯ ಸರ್ಕಾರಿ ಶಾಲೆಗಳ ಕಟ್ಟಡಗಳು ಖಾಲಿ. ಮಲಗಲು ಅವು ಸಾಕು, ಅಡಿಗೆಮನೆಯೂ ಅಲ್ಲೇ ಉಂಟು. ಈಚಿನ ವರ್ಷಗಳಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಬೇಸಿಗೆ ಶಿಬಿರಗಳು ನಡೆದಿವೆ. ಪಂಚಾಯಿತಿಗೆ ಶಿಬಿರ ಹೊಸದಲ್ಲ, ಅದನ್ನು ಘಟ್ಟದ ಕೆಳಗೆ ಒಯ್ಯುವುದಷ್ಟೇ ಹೊಸದು. ಜೀವರಕ್ಷಕ ಅಂಗಿಗಳಲ್ಲಿ ಮಾತ್ರ ಒಂದು ಕಾಸಿನ ಉಳಿತಾಯವೂ ಕೂಡದು.

ಹೆಣ್ಣುಮಕ್ಕಳನ್ನು ಕಳಿಸುವುದು ಹೇಗೆ ಎಂದು ತಾಯಂದಿರು ಕೇಳುತ್ತೀರಿ. ಬಸ್ಸಿನ ಖರ್ಚು ಕೇಳಿದರೆ, 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟೇ ಇಲ್ಲ, ಹುಡುಗರೇ ದುಬಾರಿ! ಕಾವಲಿನ ವಿಷಯ ಕೇಳಿದರೆ, ಅದಕ್ಕೆ ಉತ್ತರ ನೀವೇ. ಹುಡುಗಿಯರ ಗುಂಪಿನೊಡನೆ ಉಪಾಧ್ಯಾಯಿನಿಯರಷ್ಟೇ ಅಲ್ಲ, ನಿಮ್ಮಲ್ಲಿ ಇಬ್ಬರು ಮೂವರು ತಾಯಂದಿರೂ ಹೊರಡಿ. ಕಡಲು ನೋಡದ ತಾಯಂದಿರು ಇಲ್ಲಿಯೂ ಇದ್ದೀರಿ. ದನ ಕಾಯುವ ಹುಡುಗನ ಕೆಲಸಕ್ಕೆ ಆರು ದಿನ ನೆರೆಮನೆಯವರು ಸರದಿ ಹಿಡಿಯಬೇಕು. ಮದುವೆ ಮನೆಗೆ ಹಿಡಿಯುವುದಿಲ್ಲವೆ, ಹಾಗೆ.

ದಿನ ಯಾವುದೆಂಬುದನ್ನು ಪಂಚಾಂಗ ನೋಡಿ ಗೊತ್ತುಮಾಡೋಣ, ಮುಹೂರ್ತಕ್ಕಾಗಿ ಅಲ್ಲ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಕಲ್ಲು, ಕೆಸರು, ಚಿಪ್ಪು ಎಲ್ಲ ಬಯಲಾಗುವುದು ಆಗಲೇ. ಮೇ ಕೊನೆಗೆ ಕಡಲು ಕೆರಳುತ್ತದೆ. ಜೂನ್ ಒಂದರಿಂದ ಯಂತ್ರದ ದೋಣಿಗಳಿಗೂ 61 ದಿನ ರಜೆ. ಆದುದರಿಂದ ಏಪ್ರಿಲಿನ ಉತ್ತರಾರ್ಧ ನಮಗೆ ಸರಿಯಾದ ಕಾಲ. ಉಪಾಧ್ಯಾಯರ ಬಳಿ ಹಾಳೆಯಿದೆ. ಈಜು ಬಲ್ಲ ಮಕ್ಕಳ ಹೆಸರನ್ನೂ, ಬಾರದವರ ಹೆಸರನ್ನೂ ಬೇರೆಬೇರೆಯಾಗಿ ಇವತ್ತೇ ಬರೆಸಿ ಹೋಗಿ.