ವಿಯೆಟ್ನಾಮಿನ ಯುದ್ಧವೂ ತೋಟದ ಕೂಲಿಯವರೂ

(ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)





ನಮ್ಮ ಲೈನುಗಳಲ್ಲಿ ಯುವಕರು ಆಗಾಗ ಒಂದು ಪ್ರಶ್ನೆ ಕೇಳುತ್ತಾರೆ. ಕೂಲಿ ಹೆಚ್ಚಿಸಿರೆಂದು ಬಾಯಿ ತೆರೆದವರನ್ನೆಲ್ಲ ಕೆಲವರು ಕಮ್ಯುನಿಸ್ಟರು, ದೇವರಿಲ್ಲದವರು ಎನ್ನುತ್ತಾರೆ. ಹಾಗಾದರೆ ಕ್ರೈಸ್ತನಾದವನು ನ್ಯಾಯ ಕೇಳಬಾರದೇ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ವಿಯೆಟ್ನಾಮ್ ದೇಶದ ಚರಿತ್ರೆಯನ್ನು ನಾವು ತಿಳಿದಿರಬೇಕು. ಕಮ್ಯುನಿಸಮನ್ನು ತಡೆಯುತ್ತೇವೆಂದು ಅಮೆರಿಕ ಅಲ್ಲಿ ಬಹುಕಾಲ ಯುದ್ಧ ಮಾಡಿತು. ಆ ಯುದ್ಧದ ಬೇರುಗಳಲ್ಲಿ ಒಂದು ರಬ್ಬರ್ ತೋಟದಲ್ಲಿತ್ತು.

ವಿಯೆಟ್ನಾಮ್ ಆಗ ಫ್ರಾನ್ಸಿನ ಕೈಕೆಳಗಿತ್ತು. ಉತ್ತರದ ಬಡ ಹಳ್ಳಿಗಳಿಂದ ಜನರನ್ನು ಮೂರು ವರ್ಷದ ಕರಾರಿಗೆ ಹೆಬ್ಬೆಟ್ಟು ಹಾಕಿಸಿ, ಹಡಗು ಹತ್ತಿಸಿ, ದಕ್ಷಿಣದ ತೋಟಗಳಿಗೆ ಒಯ್ಯುತ್ತಿದ್ದರು. ಕಂಗಾಣಿಯ ಮಾತು ನಂಬಿ ಘಟ್ಟ ಹತ್ತಿದ ಹಿರಿಯರ ಮಕ್ಕಳು ನಾವು. ಇದನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಮಲೇರಿಯ ಜ್ವರ, ಅರೆಹೊಟ್ಟೆ, ಮೇಸ್ತ್ರಿಯ ಏಟು. ಫರೋಹನು ಹುಲ್ಲು ಕೊಡದೆ ಇಟ್ಟಿಗೆಯ ಲೆಕ್ಕ ಕೇಳಿದ ಹಾಗೆಯೇ ಅಲ್ಲಿನ ದುಡಿಮೆ. ಆಳು ಸೇರಿಸುವ ದಂಧೆಯ ಬಾಜೆನ್ ಎಂಬ ಫ್ರೆಂಚನನ್ನು 1929ರಲ್ಲಿ ಹನೋಯಿ ನಗರದಲ್ಲಿ ಗುಂಡಿಟ್ಟು ಕೊಂದರು. ಜನರ ಹೊಟ್ಟೆಯುರಿ ಅಷ್ಟಿತ್ತು.

ಟ್ರಾನ್ ತು ಬಿನ್ ಎಂಬವನು ಕಥೋಲಿಕ ಮನೆಯಲ್ಲಿ ಹುಟ್ಟಿ ಪಾದ್ರಿಯಾಗಲು ಸೆಮಿನರಿಯಲ್ಲಿ ಓದುತ್ತಿದ್ದ ಹುಡುಗ. ದೇಶಭಕ್ತನೊಬ್ಬನು ತೀರಿಕೊಂಡಾಗ ಶೋಕ ಸೂಚಿಸಿದ ಕಾರಣಕ್ಕೆ ಅವನನ್ನು ಅಲ್ಲಿಂದ ಹೊರಗೆ ಹಾಕಿದರು. 1927ರಲ್ಲಿ ಅವನು ಕೂಲಿಯಾಗಿ ಮಿಶಲೆನ್ ಕಂಪೆನಿಯ ಫು ರಿಯೆಂಗ್ ತೋಟಕ್ಕೆ ಹೋದನು. 1930ರಲ್ಲಿ ಅಲ್ಲಿಯ ದೊಡ್ಡ ಮುಷ್ಕರದ ಮುಂದಾಳುಗಳಲ್ಲಿ ಒಬ್ಬನಾದನು. ಅವರು ಕೇಳಿದ್ದೇನು? ಹೊಡೆಯಬೇಡಿರಿ, ದಿನಕ್ಕೆ 8 ಗಂಟೆಯ ಕೆಲಸ ಕೊಡಿರಿ, ಹೆತ್ತ ತಾಯಿಗೆ ರಜೆ ಕೊಡಿರಿ, ಗಾಯಗೊಂಡವನಿಗೆ ಪರಿಹಾರ ಕೊಡಿರಿ. ಇದರಲ್ಲಿ ದೇವರಿಗೆ ವಿರೋಧವಾದ ಮಾತು ಯಾವುದು? ಉತ್ತರವಾಗಿ ಸೈನ್ಯ ಬಂತು. ಬಿನ್ ದ್ವೀಪದ ಸೆರೆಮನೆಗೆ ಹೋದನು. ಮುಂದೆ ಅವನು ಕಮ್ಯುನಿಸ್ಟ್ ಸೈನ್ಯದಲ್ಲಿ ಜನರಲ್ ಆದನು. ಅವನ ಕೂಗನ್ನು ಸಭೆಯೇ ಮೊದಲು ಕೇಳಿದ್ದರೆ ಏನಾಗುತ್ತಿತ್ತೆಂದು ನಾವು ಯೋಚಿಸಬೇಕು.

1945ರಲ್ಲಿ ಹೋ ಚಿ ಮಿನ್ ಸ್ವಾತಂತ್ರ್ಯ ಸಾರಿದರು. ಫ್ರೆಂಚರು ಮತ್ತೆ ಬಂದು ಹೋರಾಡಿ 1954ರಲ್ಲಿ ಸೋತರು. ಕೊನೆಗೊನೆಗೆ ಅವರ ಯುದ್ಧದ ಖರ್ಚಿನ ಬಹುಪಾಲನ್ನು ಕೊಟ್ಟದ್ದು ಅಮೆರಿಕ. ಜಿನೀವಾ ಒಪ್ಪಂದದಿಂದ ದೇಶ ತಾತ್ಕಾಲಿಕವಾಗಿ ಎರಡು ಭಾಗವಾಯಿತು. ಒಪ್ಪಂದವನ್ನು ನೋಡಿಕೊಳ್ಳುವ ಆಯೋಗಕ್ಕೆ ನಮ್ಮ ಭಾರತವೇ ಅಧ್ಯಕ್ಷತೆ ವಹಿಸಿತ್ತು. 1956ರಲ್ಲಿ ಇಡೀ ದೇಶಕ್ಕೆ ಚುನಾವಣೆ ಆಗಬೇಕಿತ್ತು; ದಕ್ಷಿಣದ ಆಡಳಿತಗಾರ ಡಿಯೆಮ್ ಒಪ್ಪಲಿಲ್ಲ, ಅಮೆರಿಕ ಅವನ ಬೆನ್ನಿಗೆ ನಿಂತಿತು. ಡಿಯೆಮ್ ಕಥೋಲಿಕನು. ಉತ್ತರದಿಂದ ಓಡಿಬಂದ ಲಕ್ಷಾಂತರ ಕ್ರೈಸ್ತರಿಗೆ ಅವನು ಆಶ್ರಯವಾದದ್ದು ನಿಜ. ಆದರೆ 1963ರಲ್ಲಿ ಬೌದ್ಧರು ತಮ್ಮ ಹಬ್ಬದಲ್ಲಿ ಧ್ವಜ ಹಾರಿಸುವ ಹಕ್ಕು ಕೇಳಿದಾಗ ಅವನ ಸರಕಾರದ ಪಡೆಗಳು ಜನರ ಪ್ರಾಣ ತೆಗೆದವು. ಕ್ರೈಸ್ತನ ಹೆಸರಿನ ಆಡಳಿತವೆಲ್ಲ ಕ್ರಿಸ್ತನ ಆಡಳಿತವಲ್ಲ.

1965ರಲ್ಲಿ ಅಮೆರಿಕದ ಕಾಲಾಳುಗಳು ಡಾನಾಂಗ್ ತೀರದಲ್ಲಿ ಇಳಿದರು. 1969ರ ಹೊತ್ತಿಗೆ ಅವರ ಸಂಖ್ಯೆ 5 ಲಕ್ಷ ಮೀರಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಹಾಕಿದ್ದಕ್ಕಿಂತ ಹೆಚ್ಚು ಬಾಂಬುಗಳು ಆ ಸೀಮೆಯ ಮೇಲೆ ಬಿದ್ದವು. 1968ರ ಮಾರ್ಚ್ 16ರಂದು ಮಿ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ಹೆಂಗಸರು, ಮಕ್ಕಳು, ಮುದುಕರನ್ನು ಕೊಂದರು. ವಿಯೆಟ್ನಾಮಿನ ಲೆಕ್ಕದಂತೆ ಸತ್ತವರು 504 ಮಂದಿ. ಅದೇ ಸೈನ್ಯದ ಹ್ಯೂ ಥಾಂಪ್ಸನ್ ಎಂಬ ಯುವಕನು ತನ್ನ ಹೆಲಿಕಾಪ್ಟರನ್ನು ಹಳ್ಳಿಗರಿಗೂ ತನ್ನವರ ಬಂದೂಕುಗಳಿಗೂ ನಡುವೆ ಇಳಿಸಿ ಕೆಲವರನ್ನು ಉಳಿಸಿದನು. ಸಮಾರ್ಯದವನು ದಾರಿಯಲ್ಲಿ ನಿಂತಂತೆ ಅವನು ನಿಂತನು. ಅಮೆರಿಕದಲ್ಲಿಯೇ ಬೋಧಕರಾದ ಮಾರ್ಟಿನ್ ಲೂಥರ್ ಕಿಂಗ್ 1967ರಲ್ಲಿ ನ್ಯೂಯಾರ್ಕಿನ ದೇವಾಲಯವೊಂದರಲ್ಲಿ ನಿಂತು ಈ ಯುದ್ಧವನ್ನು ಬಹಿರಂಗವಾಗಿ ಖಂಡಿಸಿದರು.

ಔಷಧಿ ಹೊಡೆಯುವ ಕೆಲಸದ ಸಹೋದರರು ಇದನ್ನು ಗಮನವಿಟ್ಟು ಕೇಳಬೇಕು. 1962ರಿಂದ 1971ರವರೆಗೆ ಅಮೆರಿಕದ ವಿಮಾನಗಳು ಕಾಡಿನ ಮೇಲೂ ಬೆಳೆಯ ಮೇಲೂ ಎಲೆ ಉದುರಿಸುವ ವಿಷವನ್ನು ಸುರಿಸಿದವು. ಅವುಗಳಲ್ಲಿ ಹೆಸರಾದದ್ದು ಏಜೆಂಟ್ ಆರೆಂಜ್. ಅದು ಎರಡು ಕಳೆನಾಶಕಗಳ ಮಿಶ್ರಣ. 2,4,5-ಟಿ ಎಂಬುದರಲ್ಲಿ ಡಯಾಕ್ಸಿನ್ ಎಂಬ ಘೋರ ವಿಷ ಬೆರೆತಿತ್ತು. ಇನ್ನೊಂದಾದ 2,4-ಡಿ ನಮ್ಮ ದೇಶದಲ್ಲಿ ಇಂದಿಗೂ ಕಳೆಗೆ ಹೊಡೆಯಲು ಮಾರಾಟವಾಗುತ್ತದೆ. ಎರಡೂ ಒಂದೇ ಅಲ್ಲ. ಆದರೂ ಬರಿಗೈಯಲ್ಲಿ, ಬರಿಮೈಯಲ್ಲಿ ಯಾವ ಔಷಧಿಯನ್ನೂ ಮುಟ್ಟಬಾರದು. ಕೈಚೀಲ, ಮುಖಕ್ಕೆ ಬಟ್ಟೆ, ತೊಳೆಯಲು ಸಾಬೂನು ಕೇಳಿರಿ. ಹಾಗೆ ಕೇಳುವುದು ದಂಗೆಯಲ್ಲ.

ಅಮೆರಿಕನ್ ಸೈನ್ಯ 1973ರಲ್ಲಿ ಹಿಂದಿರುಗಿತು. 1975ರ ಏಪ್ರಿಲ್ 30ರಂದು ಸಾಯ್‌ಗಾನ್ ಬಿತ್ತು. ಅಮೆರಿಕನ್ನರು 58 ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ವಿಯೆಟ್ನಾಮ್ ಸರಕಾರ 1995ರಲ್ಲಿ ಕೊಟ್ಟ ಲೆಕ್ಕದಂತೆ ಅಲ್ಲಿಯ ಸಾಮಾನ್ಯ ಜನರೇ 20 ಲಕ್ಷ.

ಗೆದ್ದವರೂ ನೀತಿವಂತರಾಗಿ ನಡೆಯಲಿಲ್ಲ ಎಂಬುದನ್ನು ನಾವು ಮುಚ್ಚಿಡಬಾರದು. 1968ರಲ್ಲಿ ಹ್ವೆ ನಗರದಲ್ಲಿ ಕಮ್ಯುನಿಸ್ಟರು ಅನೇಕ ನಾಗರಿಕರನ್ನು ಕೊಂದು ಹೂತರು. 1975ರ ನಂತರ ಬಹಳ ಜನರನ್ನು ವಿಚಾರಣೆಯಿಲ್ಲದೆ ಶಿಬಿರಗಳಲ್ಲಿ ಇಟ್ಟರು. ಲಕ್ಷಾಂತರ ಜನ ದೋಣಿ ಹತ್ತಿ ದೇಶ ಬಿಟ್ಟರು. ಡಿಯೆಮನ ಸೋದರಳಿಯನಾದ ಬಿಷಪ್ ನ್ಗುಯೆನ್ ವಾನ್ ಥುವಾನ್ 13 ವರ್ಷ ಸೆರೆಯಲ್ಲಿದ್ದರು, ಅದರಲ್ಲಿ 9 ವರ್ಷ ಒಂಟಿ ಕೋಣೆಯಲ್ಲಿ. ಅಂಗೈಯಲ್ಲಿ ಕೆಲವು ಹನಿ ದ್ರಾಕ್ಷಾರಸ ಹಿಡಿದು ಅವರು ಕರ್ತನ ಭೋಜನವನ್ನು ಆಚರಿಸಿದರು. ಕಾವಲುಗಾರರನ್ನು ಹಗೆಮಾಡದೆ ಸ್ನೇಹಿತರನ್ನಾಗಿ ಮಾಡಿಕೊಂಡರು.

ಪ್ರಿಯರೇ, ಬಿನ್‌ನನ್ನೂ ಬಿಷಪರನ್ನೂ ಒಟ್ಟಿಗೆ ನೆನೆಯಿರಿ. ಇಬ್ಬರೂ ಒಂದೇ ಸಭೆಯ ಮಡಿಲಲ್ಲಿ ಬೆಳೆದವರು, ಇಬ್ಬರೂ ಸೆರೆ ಕಂಡವರು. ಮೊದಲನೆಯವನಿಂದ ಹಸಿದವನ ಪಕ್ಷ ಹಿಡಿಯಲು ಕಲಿಯೋಣ. ಎರಡನೆಯವರಿಂದ ದ್ವೇಷವಿಲ್ಲದೆ ನಿಲ್ಲಲು ಕಲಿಯೋಣ. ಯುವಕರ ಪ್ರಶ್ನೆಗೆ ನಮ್ಮ ಉತ್ತರ ಇದು: ಕ್ರೈಸ್ತನು ನ್ಯಾಯ ಕೇಳಬೇಕು, ತನಗೂ ಪಕ್ಕದ ಲೈನಿನವನಿಗೂ ಕೇಳಬೇಕು, ಆದರೆ ಎದುರಿಗೆ ನಿಂತವನೂ ದೇವರ ಸೃಷ್ಟಿಯೆಂಬುದನ್ನು ಮರೆಯಬಾರದು.

ಈ ವಾರದ ಮನೆಪ್ರಾರ್ಥನೆಯಲ್ಲಿ ವಿಯೆಟ್ನಾಮಿನ ತೋಟಗಳಲ್ಲಿ ದುಡಿಯುವವರನ್ನು ನೆನೆಯೋಣ. ಆ ವಿಷದ ಬಾಧೆಯನ್ನು ಇಂದಿಗೂ ಹೊತ್ತಿರುವ ಕುಟುಂಬಗಳನ್ನೂ ನೆನೆಯೋಣ. ಸಮಾಧಾನದ ಕರ್ತನು ನಿಮ್ಮೆಲ್ಲರ ಸಂಗಡ ಇರಲಿ.