ಗ್ರೀನ್ ಕಾರ್ಡ್ ಲಾಟರಿ ಮತ್ತು ಹುಟ್ಟಿದ ಊರು

(ನಮ್ಮ ಸಂಸ್ಥೆಯ ವಾರ್ಷಿಕ ನಿಧಿಸಂಗ್ರಹ ಸಮಾರಂಭದಲ್ಲಿ ಹೊಸಬರ ನೆರವು ಸಮಿತಿಯ ಪರವಾಗಿ ಮಾಡಿದ ಭಾಷಣ)



ಊಟಕ್ಕೆ ಮುಂಚಿನ ಭಾಷಣ ಚಿಕ್ಕದಾಗಿದ್ದಷ್ಟೂ ಒಳ್ಳೆಯದು ಎಂದು ಎಚ್ಚರಿಸಿಯೇ ಕಾರ್ಯದರ್ಶಿಗಳು ನಮ್ಮ ಕೈಗೆ ಮೈಕ್ ಕೊಟ್ಟಿದ್ದಾರೆ. ಬಿಸಿಬೇಳೆಭಾತಿನ ಘಮ ನಮಗೂ ಬರುತ್ತಿದೆ. ಆದರೂ ಒಂದು ಹದಿನೈದು ನಿಮಿಷ ಸಹಿಸಿಕೊಳ್ಳಿ.

ನಮ್ಮ ಸಮಿತಿಗೆ ವರ್ಷವಿಡೀ ಫೋನು ಬರುತ್ತದೆ. ಊರಿಂದ ಬರುವ ಅಪ್ಪ ಅಮ್ಮನಿಗೆ ಯಾವ ಇನ್ಶೂರೆನ್ಸ್ ತೊಗೊಳ್ಳೋದು, ಗೃಹಪ್ರವೇಶಕ್ಕೆ ಪುರೋಹಿತರು ಸಿಗ್ತಾರಾ, ಕೆಲಸ ಹೋದರೆ ಎಷ್ಟು ದಿನ ಇರಬಹುದು, ಹೀಗೆ. ಇವುಗಳ ಜೊತೆಗೆ ಅಕ್ಟೋಬರ್ ಬಂತೆಂದರೆ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ: "ಸಾರ್, ಗ್ರೀನ್ ಕಾರ್ಡ್ ಲಾಟರಿ ಅಂತ ಇದೆಯಂತಲ್ಲ, ನಾವೂ ಹಾಕಬಹುದಾ?"

ಅನೇಕ ವರ್ಷ ನಮ್ಮ ಉತ್ತರ ಎರಡೇ ಮಾತು. "ಇಂಡಿಯಾದವರಿಗೆ ಇಲ್ಲ." ಮುಂದಿನ ಫೋನು. ಆ ಎರಡು ಮಾತಿನಿಂದ ನಮ್ಮ ಬಳಗದ ಒಂದು ಮನೆಗೆ ದೊಡ್ಡ ನಷ್ಟವಾಯಿತು. ಅದನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಇವತ್ತು ಈ ವಿಷಯ ಆರಿಸಿಕೊಂಡಿದ್ದೇವೆ. ಆ ಕಥೆಗೆ ಬರುವ ಮುಂಚೆ ಈ ಲಾಟರಿ ಏನೆಂದು ನೋಡೋಣ.

ಲಾಟರಿ ಎಂದರೆ ನಮಗೆ ನೆನಪಾಗುವುದು ಊರಿನ ಬಸ್ ಸ್ಟ್ಯಾಂಡು, ಟಿಕೆಟ್ಟುಗಳನ್ನು ಬೀಸಣಿಗೆಯ ಹಾಗೆ ಹಿಡಿದು ಕೂಗುತ್ತಿದ್ದ ಹುಡುಗರು. ಇದು ಹಾಗಲ್ಲ. ಅಮೆರಿಕದ ಸಂಸತ್ತು 1990ರಲ್ಲಿ ಮಾಡಿದ ವಲಸೆ ಕಾಯ್ದೆಯಲ್ಲೇ ಇದು ಸೇರಿದೆ. ಡೈವರ್ಸಿಟಿ ವೀಸಾ ಎಂಬ ಹೆಸರಿನಲ್ಲಿ 1995ರ ಹಣಕಾಸು ವರ್ಷದಿಂದ ಜಾರಿಗೆ ಬಂತು. ವರ್ಷಕ್ಕೆ 55 ಸಾವಿರ ವೀಸಾ ಎಂದು ಕಾಯ್ದೆ ಹೇಳಿತು; ಆಮೇಲೆ ಅದರಲ್ಲಿ 5 ಸಾವಿರದವರೆಗೆ ಬೇರೆ ಕಾರ್ಯಕ್ರಮಕ್ಕೆ ತೆಗೆದಿಟ್ಟಿದ್ದರಿಂದ 50 ಸಾವಿರದ ಆಸುಪಾಸಿಗೆ ಇಳಿಯಿತು. ಮೊದಮೊದಲು ಅರ್ಜಿಯೆಂದರೆ ಅಂಚೆಯಲ್ಲಿ ಹಾಕುವ ಲಕೋಟೆ. 2003ರಿಂದ ಈಚೆಗೆ ಎಲ್ಲವೂ ಕಂಪ್ಯೂಟರಿನಲ್ಲೇ.

ಯಾವ ದೇಶಗಳಿಂದ ಇಲ್ಲಿಗೆ ಜನ ಕಡಿಮೆ ಬರುತ್ತಿದ್ದಾರೋ ಅಲ್ಲಿನವರಿಗೂ ಒಂದು ಬಾಗಿಲು ಇರಲಿ ಎಂಬುದು ಇದರ ಉದ್ದೇಶ. ಹಿಂದಿನ ಐದು ವರ್ಷಗಳಲ್ಲಿ ಕುಟುಂಬ ಮತ್ತು ನೌಕರಿಯ ದಾರಿಯಲ್ಲಿ 50 ಸಾವಿರಕ್ಕಿಂತ ಹೆಚ್ಚು ಜನರನ್ನು ಕಳಿಸಿದ ದೇಶ ಆ ಪಟ್ಟಿಯಿಂದ ಹೊರಗೆ. ನಮ್ಮ ದೇಶದಿಂದ ಒಂದೇ ವರ್ಷದಲ್ಲಿ ಅದಕ್ಕಿಂತ ಹೆಚ್ಚು ಬರುತ್ತಾರೆ. ಹಾಗಾಗಿ ಭಾರತ ಶುರುವಿನಿಂದಲೂ ಹೊರಗೇ ಇದೆ. ಬಾಂಗ್ಲಾದೇಶ ಕೂಡ ಹಾಗೆಯೇ ಆಮೇಲೆ ಹೊರಬಿತ್ತು. ನೇಪಾಳ, ಶ್ರೀಲಂಕಾ ಒಳಗಿದ್ದವು.

ಇಲ್ಲಿಯವರೆಗೆ ನಮಗೂ ಗೊತ್ತಿತ್ತು. ಇಷ್ಟೂ ಗೊತ್ತಿಲ್ಲದವರ ಪಾಡು ಏನಾಗುತ್ತದೆ ನೋಡಿ.

ನಮ್ಮ ಸಮಿತಿಯಲ್ಲೊಬ್ಬರ ಚಿಕ್ಕಪ್ಪನ ಮಗ ದಾವಣಗೆರೆಯಲ್ಲಿದ್ದಾನೆ. ಹುಟ್ಟಿದ್ದು, ಓದಿದ್ದು, ಅಂಗಡಿ ಇಟ್ಟಿದ್ದು ಎಲ್ಲ ಅಲ್ಲೇ. ಅವನಿಗೆ ಒಂದು ಇಮೇಲ್ ಬಂತು. ಹದ್ದಿನ ಮುದ್ರೆ, ಕೆಳಗೆ ಸಹಿ, ನೀವು ಆಯ್ಕೆಯಾಗಿದ್ದೀರಿ ಎಂಬ ಶುಭಾಶಯ. ಅವನು ಅರ್ಜಿಯನ್ನೇ ಹಾಕಿರಲಿಲ್ಲ! ಹಾಕದ ಅರ್ಜಿಗೆ ಬಹುಮಾನ ಹೇಗೆ ಬಂತು ಎಂದು ಯೋಚಿಸಬೇಕಿತ್ತು, ನಿಜ. ಆದರೆ ಆಸೆ ಎಂಬುದು ಯೋಚನೆ ಮಾಡಲು ಬಿಡುತ್ತದೆಯೇ? ಪತ್ರ ಹಿಡಿದುಕೊಂಡು ಬೆಂಗಳೂರಿನ ಒಬ್ಬ ಏಜೆಂಟನ ಹತ್ತಿರ ಹೋದ. ಆ ಪುಣ್ಯಾತ್ಮ ಪತ್ರ ನಿಜವೆಂದೇ ಹೇಳಿ ಅರವತ್ತು ಸಾವಿರ ರೂಪಾಯಿ ತೆಗೆದುಕೊಂಡ. ಹೆಂಡತಿಯ ಬಳೆ ಅಡವಿಟ್ಟು ತಂದ ಹಣ. ಎರಡು ತಿಂಗಳಾದ ಮೇಲೆ ಏಜೆಂಟನ ಫೋನು ಸತ್ತುಹೋಯಿತು. ಇಷ್ಟೆಲ್ಲ ಆಗುವವರೆಗೆ ಅವನು ಇಲ್ಲಿರುವ ಅಣ್ಣನಿಗೆ ಒಂದು ಮಾತೂ ಹೇಳಿರಲಿಲ್ಲ. ಯಾಕೆ ಎಂದು ಕೇಳಿದರೆ, "ವೀಸಾ ಕೈಗೆ ಬಂದ ಮೇಲೆ ಹೇಳೋಣ ಅಂತಿದ್ದೆ ಅಣ್ಣ, ಆಮೇಲೆ ಹೇಳೋಕೆ ನಾಚಿಕೆ ಆಯ್ತು" ಎಂದ. ಪೊಲೀಸರ ಹತ್ತಿರವೂ ಅದೇ ನಾಚಿಕೆಯಿಂದ ಹೋಗಲಿಲ್ಲ.

ಆದ್ದರಿಂದ ಊರಿಗೆ ಫೋನು ಮಾಡಿದಾಗ ದಯವಿಟ್ಟು ಇಷ್ಟನ್ನು ತಿಳಿಸಿ. ಲಾಟರಿಯಲ್ಲಿ ಆಯ್ಕೆಯಾಗಿದ್ದೀರಿ ಎಂದು ಅಮೆರಿಕ ಸರ್ಕಾರ ಯಾರಿಗೂ ಇಮೇಲ್ ಕಳಿಸುವುದಿಲ್ಲ. ಅರ್ಜಿ ಹಾಕಿದವರೇ, ಅರ್ಜಿ ಹಾಕಿದಾಗ ಸಿಕ್ಕ ನಂಬರು ಇಟ್ಟುಕೊಂಡು, ಸರ್ಕಾರದ ತಾಣದಲ್ಲಿ ನೋಡಿಕೊಳ್ಳಬೇಕು. ಆ ತಾಣದ ವಿಳಾಸ 'ಡಾಟ್ ಗವ್' ಎಂದು ಮುಗಿಯುತ್ತದೆ. ಬೇರೆ ಯಾವ ರೀತಿ ಮುಗಿದರೂ ಅದು ಸರ್ಕಾರದ್ದಲ್ಲ, ಎಷ್ಟೇ ಬಾವುಟ ಹಾರಿಸಿಕೊಂಡಿರಲಿ. 2025ರವರೆಗೆ ಅರ್ಜಿ ಹಾಕಲು ಒಂದು ಸೆಂಟೂ ಕೊಡಬೇಕಿರಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಬಂದ ನಿಯಮ 1 ಡಾಲರ್ ಶುಲ್ಕ ಇಟ್ಟಿತು. ಒಂದು ಡಾಲರ್ ಎಲ್ಲಿ, ಅರವತ್ತು ಸಾವಿರ ರೂಪಾಯಿ ಎಲ್ಲಿ!

ಇನ್ನು ಕೆಲವು ಏಜೆಂಟರು ಸುಳ್ಳು ಹುಟ್ಟೂರು ಬರೆಸುತ್ತಾರೆ, ಸುಳ್ಳು ಮದುವೆ ಮಾಡಿಸುತ್ತಾರೆ. ಅದಕ್ಕೆ ಒಪ್ಪಿ ಸಿಕ್ಕಿಬಿದ್ದರೆ ಲಾಟರಿಯೊಂದೇ ಅಲ್ಲ, ಮುಂದೆ ಮಗನನ್ನು ನೋಡಲು ಬರುವ ಪ್ರವಾಸಿ ವೀಸಾಕ್ಕೂ ಕಲ್ಲು ಬಿದ್ದ ಹಾಗೆ.

ಈಗ ನಮ್ಮ ತಪ್ಪಿನ ಕಥೆ. ಆ ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ.

2012ರಲ್ಲಿ ಹಾಸನದ ಕಡೆಯವರೊಬ್ಬರು ನಮ್ಮನ್ನು ಇದೇ ಲಾಟರಿ ಪ್ರಶ್ನೆ ಕೇಳಿದ್ದರು. ಎಚ್-1 ವೀಸಾದ ಮೇಲೆ ಬಂದವರು. ಕಂಪನಿಯವರು ಎರಡನೆಯ ವರ್ಗದಲ್ಲಿ ಗ್ರೀನ್ ಕಾರ್ಡಿಗೆ ಹಾಕಿದ್ದರು. ನೌಕರಿಯ ದಾರಿಯಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ 40 ಸಾವಿರ ಗ್ರೀನ್ ಕಾರ್ಡುಗಳು; ಒಂದೊಂದು ದೇಶಕ್ಕೆ ಸಾಮಾನ್ಯವಾಗಿ ಶೇಕಡ 7ರ ಮಿತಿ. ನಮ್ಮವರ ಸಾಲು ಎಷ್ಟು ಉದ್ದ ಎಂದು ಈ ಸಭೆಯಲ್ಲಿ ವಿವರಿಸುವ ಅಗತ್ಯವಿಲ್ಲ, ಅರ್ಧ ಸಭೆ ಆ ಸಾಲಿನಲ್ಲಿ ನಿಂತು ಬಂದಿದೆ, ಇನ್ನರ್ಧ ಈಗಲೂ ನಿಂತಿದೆ. ಮಗ ಆಗ ಹದಿನಾಲ್ಕು ವರ್ಷದವನು, ಮಗಳು ಚಿಕ್ಕವಳು. ನಾವು ಎಂದಿನಂತೆ "ಇಂಡಿಯಾದವರಿಗೆ ಇಲ್ಲ" ಎಂದೆವು. ಅವರು ಥ್ಯಾಂಕ್ಸ್ ಹೇಳಿ ಫೋನಿಟ್ಟರು.

2020ರ ಸಂಕ್ರಾಂತಿ ಊಟ. ಅವರ ಮನೆಯಾಕೆ ಕುಂದಾಪುರದ ಕಡೆಯವರು, ಮಾತಿನಲ್ಲೂ ಅಡಿಗೆಯಲ್ಲೂ ಅಪ್ಪಟ ಕುಂದಾಪುರ. ಎಲೆಯ ಮುಂದೆ ಕೂತು ಮಕ್ಕಳಿಗೆ ತಮ್ಮ ಬಾಲ್ಯದ ಕಥೆ ಹೇಳುತ್ತಿದ್ದರು. 1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ್ದು, ಅಪ್ಪನ ಅಂಗಡಿಗೆ ಬೀಗ ಹಾಕಿ ಹೊರಟದ್ದು, ಬಸ್ಸಿನಲ್ಲಿ ಜೋರ್ಡನ್ನಿನ ಅಮ್ಮಾನ್ ತಲುಪಿ ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ ಬಂದದ್ದು. ನಮ್ಮಲ್ಲೊಬ್ಬರು ಹೋಳಿಗೆ ಬಡಿಸುತ್ತಿದ್ದವರು ಹಾಗೇ ನಿಂತರು.

"ಅಕ್ಕಾ, ನೀವು ಹುಟ್ಟಿದ್ದೆಲ್ಲಿ?"

"ಕುವೈತಲ್ಲೇ. ಯಾಕೆ?"

ಯಾಕೆಂದರೆ, ಅಮೆರಿಕದ ವಲಸೆ ಕಾನೂನು ಪೌರತ್ವದ ಲೆಕ್ಕ ಹಿಡಿಯುವುದಿಲ್ಲ, ಹುಟ್ಟಿದ ದೇಶದ ಲೆಕ್ಕ ಹಿಡಿಯುತ್ತದೆ. ಭಾರತದ ಪಾಸ್‌ಪೋರ್ಟ್ ಇದ್ದರೂ ಕುವೈತಿನಲ್ಲಿ ಹುಟ್ಟಿದವರು ಕುವೈತಿನ ಲೆಕ್ಕಕ್ಕೆ ಸೇರುತ್ತಾರೆ. ಅಷ್ಟೇ ಅಲ್ಲ, ಗಂಡ ಹೆಂಡತಿಯಲ್ಲಿ ಒಬ್ಬರು ಹುಟ್ಟಿದ ದೇಶದ ಲೆಕ್ಕವನ್ನು ಇನ್ನೊಬ್ಬರೂ ಬಳಸಿಕೊಳ್ಳಬಹುದು. ಲಾಟರಿಗೂ ಈ ಸೌಲಭ್ಯವಿದೆ, ನೌಕರಿಯ ಸಾಲಿಗೂ ಇದೆ. ಎಂಟು ವರ್ಷ ಭಾರತದ ಸಾಲಿನಲ್ಲಿ ನಿಂತ ಆ ಯಜಮಾನರು ಹೆಂಡತಿಯ ಕುವೈತಿನ ಸಾಲಿನಲ್ಲಿ ನಿಲ್ಲಬಹುದಿತ್ತು. ಆ ವರ್ಗದಲ್ಲಿ ಕುವೈತಿನವರಿಗೆ ಹೇಳಿಕೊಳ್ಳುವಂಥ ಸಾಲೇ ಇರಲಿಲ್ಲ. ಕಂಪನಿಯ ವಕೀಲರೂ ಇದನ್ನು ಗಮನಿಸಿರಲಿಲ್ಲ. ಆದರೆ ವಕೀಲರ ಮಾತು ಬಿಡಿ, 2012ರಲ್ಲಿ "ನಿಮ್ಮ ಮನೆಯವರು ಹುಟ್ಟಿದ್ದೆಲ್ಲಿ" ಎಂದು ನಾವು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆಕೆಯ ಪಾಸ್‌ಪೋರ್ಟಿನಲ್ಲೂ ಅದು ಅಚ್ಚಾಗಿಯೇ ಇತ್ತು.

ಹೊಸ ವಕೀಲರನ್ನು ಹಿಡಿದು ಅರ್ಜಿ ಹಾಕಿದ ಮೇಲೆ ಮರುವರ್ಷವೇ ಗಂಡ, ಹೆಂಡತಿ, ಮಗಳು ಮೂವರಿಗೂ ಗ್ರೀನ್ ಕಾರ್ಡ್ ಬಂತು. ಮಗನಿಗೆ ಬರಲಿಲ್ಲ. ಅವನಿಗೆ 2019ರಲ್ಲೇ 21 ತುಂಬಿತ್ತು. ತಂದೆಯ ಅರ್ಜಿಯಲ್ಲಿ ಅವನು ಆಗ ಮಗುವಲ್ಲ. ವಿದ್ಯಾರ್ಥಿ ವೀಸಾದಲ್ಲಿ ಓದು ಮುಗಿಸಿ ಈಗ ಟೊರೊಂಟೊದಲ್ಲಿ ಕೆಲಸದಲ್ಲಿದ್ದಾನೆ. ನಮ್ಮ ನಾಟಕಗಳಲ್ಲಿ ಬಾಲಕೃಷ್ಣನ ಪಾತ್ರ ಮಾಡುತ್ತಿದ್ದ ಹುಡುಗ ಅವನು, ನಿಮ್ಮಲ್ಲಿ ಅನೇಕರಿಗೆ ಗೊತ್ತು. ಅವನ ತಾಯಿ ಇವತ್ತಿನವರೆಗೂ ನಮಗೆ ಒಂದು ಗಡಸು ಮಾತು ಆಡಿಲ್ಲ. ಆಡಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಇದಾದ ಮೇಲೆ ನಾವು ಯಾರೇ ಫೋನು ಮಾಡಿದರೂ ಮೊದಲು ಕೇಳುವುದು ಹುಟ್ಟಿದ ಊರು. ಹುಡುಕಿದರೆ ನಮ್ಮಲ್ಲೇ ಎಷ್ಟು ಮನೆಗಳು! ಉಡುಪಿ, ಮಂಗಳೂರು, ಭಟ್ಕಳದ ಕಡೆಯಿಂದ ಎರಡು ಮೂರು ತಲೆಮಾರು ದುಬೈ, ಮಸ್ಕತ್, ಬಹರೇನ್ ಎಂದು ದುಡಿಯಲು ಹೋದವರ ಮಕ್ಕಳು ಇಲ್ಲಿದ್ದಾರೆ. ಸಿಂಗಪುರದಲ್ಲಿ ಹುಟ್ಟಿದವರಿದ್ದಾರೆ. ಒಬ್ಬರ ಸೊಸೆ ಕಠ್ಮಂಡುವಿನವಳು.

ಇದರಲ್ಲಿ ಒಂದು ತಮಾಷೆಯೂ ಇದೆ, ಸಂಕಟವೂ ಇದೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಹಾಗಾಗಿ ಗಲ್ಫಿನಲ್ಲಿದ್ದ ಎಷ್ಟೋ ತಾಯಂದಿರು ಏಳು ತಿಂಗಳಾಗುತ್ತಲೇ ಊರಿಗೆ ಬಂದರು. ಅಕ್ಕ ಹುಟ್ಟಿದ್ದು ಉಡುಪಿಯಲ್ಲಿ. ಎರಡನೆಯದಕ್ಕೆ ಯಾರು ಓಡಾಡುತ್ತಾರೆ ಎಂದು ಅಲ್ಲೇ ಉಳಿದರು. ತಂಗಿ ಹುಟ್ಟಿದ್ದು ದುಬೈಯಲ್ಲಿ. ಇಬ್ಬರೂ ಬೆಳೆದದ್ದು ಒಂದೇ ಮನೆಯಲ್ಲಿ. ಅಮೆರಿಕದ ಕಾನೂನಿನ ಕಣ್ಣಿಗೆ ಅಕ್ಕ ಭಾರತ, ತಂಗಿ ಎಮಿರೇಟ್ಸ್. ತಾಯಿ ತಂದೆ ಇಬ್ಬರೂ ಭಾರತದಲ್ಲೇ ಹುಟ್ಟಿದವರಾದ್ದರಿಂದ ಅಕ್ಕನಿಗೆ ಅವರಿಂದಲೂ ಉಪಯೋಗವಿಲ್ಲ. ತವರಿನ ಬಾಣಂತನಕ್ಕೆ ಇಷ್ಟು ಬೆಲೆ ತೆರಬೇಕಾಗುತ್ತದೆ ಎಂದು ಯಾವ ಅಜ್ಜಿಗೆ ಗೊತ್ತಿತ್ತು?

ತುಂಬ ಜನ ಕೇಳುವ ಇನ್ನೊಂದು ಪ್ರಶ್ನೆ: ಮಗು ಸಿಂಗಪುರದಲ್ಲಿ ಹುಟ್ಟಿದೆ, ಅದರ ಲೆಕ್ಕದಲ್ಲಿ ನಾವು ಬರಬಹುದೇ? ಇಲ್ಲ. ತಂದೆ ತಾಯಿಯ ದೇಶದ ಲೆಕ್ಕ ಮಕ್ಕಳಿಗೆ ಸಿಗುತ್ತದೆ, ಮಕ್ಕಳದ್ದು ತಂದೆ ತಾಯಿಗೆ ಸಿಗುವುದಿಲ್ಲ.

ಲಾಟರಿಯ ಷರತ್ತುಗಳು ಬಹಳವಿಲ್ಲ. ಹೈಸ್ಕೂಲು, ಅಂದರೆ ಹನ್ನೆರಡು ವರ್ಷದ ಓದು ಮುಗಿಸಿರಬೇಕು, ಇಲ್ಲವೇ ತರಬೇತಿ ಬೇಡುವ ಕಸುಬಿನಲ್ಲಿ ಕಳೆದ ಐದು ವರ್ಷದಲ್ಲಿ ಎರಡು ವರ್ಷ ದುಡಿದಿರಬೇಕು. ಒಬ್ಬರಿಗೆ ಒಂದೇ ಅರ್ಜಿ; ಎರಡು ಹಾಕಿದರೆ ಎರಡೂ ಹೋದವು. ಅರ್ಹತೆಯಿದ್ದರೆ ಗಂಡ ಹೆಂಡತಿ ಬೇರೆ ಬೇರೆ ಹಾಕಬಹುದು, ಆದರೆ ಒಬ್ಬರ ಅರ್ಜಿಯಲ್ಲಿ ಇನ್ನೊಬ್ಬರ ಮತ್ತು 21 ದಾಟದ, ಮದುವೆಯಾಗದ ಮಕ್ಕಳ ಹೆಸರು ಬಿಡುವಂತಿಲ್ಲ. ಹಳೆಯ ಫೋಟೋ ಹಾಕಿದರೂ ಅರ್ಜಿ ಕೆಡುತ್ತದೆ.

ಆಯ್ಕೆಯಾದರೆ ವೀಸಾ ಬಂತೆಂದೂ ಅಲ್ಲ. ವೀಸಾಗಳಿಗಿಂತ ಹೆಚ್ಚು ಜನರನ್ನು ಆರಿಸಿಡುತ್ತಾರೆ, ಆ ಹಣಕಾಸು ವರ್ಷದ ಸೆಪ್ಟೆಂಬರ್ 30ರೊಳಗೆ ಕೈಗೆ ಬರದಿದ್ದರೆ ಮುಗಿಯಿತು. 2011ರ ಮೇ ತಿಂಗಳಲ್ಲಿ ಇನ್ನೂ ಒಂದು ಅನಾಹುತವಾಯಿತು. ಸುಮಾರು 22 ಸಾವಿರ ಜನ ಆಯ್ಕೆಯಾಗಿದ್ದೀರೆಂದು ನೋಡಿ ಸಂತೋಷಪಟ್ಟರು. ಆಮೇಲೆ ಕಂಪ್ಯೂಟರಿನ ತಪ್ಪಿನಿಂದ ಹೆಚ್ಚಿನವರೆಲ್ಲ ಮೊದಲ ಎರಡು ದಿನ ಅರ್ಜಿ ಹಾಕಿದವರೇ ಆಗಿಬಿಟ್ಟಿದ್ದಾರೆಂದು ಗೊತ್ತಾಗಿ ಇಡೀ ಫಲಿತಾಂಶವನ್ನೇ ರದ್ದು ಮಾಡಿ ಮತ್ತೆ ಎತ್ತಿದರು. ಕೋರ್ಟಿಗೆ ಹೋದವರಿಗೂ ಪ್ರಯೋಜನವಾಗಲಿಲ್ಲ.

ಇನ್ನೊಂದು ಸುದ್ದಿ ಮುಚ್ಚಿಡುವಂತಿಲ್ಲ. 2025ರ ಡಿಸೆಂಬರಿನಲ್ಲಿ, ಈ ಲಾಟರಿಯಲ್ಲಿ ಗ್ರೀನ್ ಕಾರ್ಡ್ ಪಡೆದಿದ್ದ ಒಬ್ಬ ವ್ಯಕ್ತಿ ಗುಂಡು ಹಾರಿಸಿ ಜನರನ್ನು ಕೊಂದದ್ದರಿಂದ, ಕಾರ್ಯಕ್ರಮವನ್ನು ತಡೆಹಿಡಿಯುವುದಾಗಿ ಸರ್ಕಾರ ಪ್ರಕಟಿಸಿತು. ಆದ್ದರಿಂದ "ಈಗಲೇ ಹಾಕಿ, ನಾಳೆ ಕೊನೆಯ ದಿನ" ಎಂದು ಯಾರಾದರೂ ಅವಸರ ಮಾಡಿದರೆ ಮೊದಲು ಸರ್ಕಾರದ ತಾಣ ನೋಡಿ. ಆದರೆ ನೌಕರಿಯ ಸಾಲಿನಲ್ಲಿ ಹೆಂಡತಿಯದೋ ಗಂಡನದೋ ಹುಟ್ಟಿದ ದೇಶದ ಲೆಕ್ಕ ಹಿಡಿಯುವುದು ಲಾಟರಿಯ ಮಾತಲ್ಲ, ಅದು ಬೇರೆ ಕಲಮು. ಅದನ್ನು ಈ ಸುದ್ದಿಯ ಜೊತೆ ಕಲಸಿಕೊಳ್ಳಬೇಡಿ.

ನಾವು ವಕೀಲರಲ್ಲ. ನಮ್ಮಲ್ಲಿ ಇಬ್ಬರು ಇಂಜಿನಿಯರು, ಒಬ್ಬರು ದಂತವೈದ್ಯರು, ಒಬ್ಬರು ನಿವೃತ್ತ ಮೇಷ್ಟರು. ಅದಕ್ಕೇ ಈ ವರ್ಷ ನೀವು ಕೊಡುವ ಹಣದಲ್ಲಿ ಒಂದು ಭಾಗವನ್ನು ವಲಸೆ ವಕೀಲರೊಬ್ಬರ ಸಮಯಕ್ಕೆ ಇಡಬೇಕೆಂದಿದ್ದೇವೆ. ವರ್ಷಕ್ಕೆ ಎರಡು ಶನಿವಾರ ಅವರು ಇದೇ ಸಭಾಂಗಣದಲ್ಲಿ ಕೂರುತ್ತಾರೆ, ಬಂದ ಮನೆಯವರ ಕಾಗದ ನೋಡುತ್ತಾರೆ, ಬಂದವರು ಏನೂ ಕೊಡಬೇಕಾಗಿಲ್ಲ. ಕೈಯಲ್ಲಿ ಗ್ರೀನ್ ಕಾರ್ಡ್ ಇರುವವರು ಈ ಬಾಬ್ತಿಗೆ ಸ್ವಲ್ಪ ಧಾರಾಳವಾಗಿ ಚೆಕ್ ಬರೆಯಿರಿ.

ಇವತ್ತು ಮನೆಗೆ ಹೋದ ಮೇಲೆ ಬೀರು ತೆಗೆದು ಮನೆಯವರೆಲ್ಲರ ಪಾಸ್‌ಪೋರ್ಟ್ ನೋಡಿ. ಹುಟ್ಟಿದ ಸ್ಥಳ ಎಂದಿರುವ ಕಡೆ ಭಾರತ ಬಿಟ್ಟು ಬೇರೆ ಊರಿದ್ದರೆ ಅಥವಾ ಅನುಮಾನವಿದ್ದರೆ ನಮಗೆ ಫೋನು ಮಾಡಿ, ರಾತ್ರಿ ಹತ್ತಾದರೂ ಪರವಾಗಿಲ್ಲ. ಬಾಗಿಲ ಹತ್ತಿರದ ಮೇಜಿನಲ್ಲಿ ಹೆಸರು ಬರೆದುಕೊಳ್ಳಲು ಒಂದು ಪುಸ್ತಕವಿಟ್ಟಿದ್ದೇವೆ. ಮೊದಲ ಶನಿವಾರಕ್ಕೆ ಆ ಕುಂದಾಪುರದ ಅಕ್ಕನೇ ಬಂದು ಅರ್ಜಿಗಳನ್ನು ಜೋಡಿಸಿಕೊಡುತ್ತೇನೆಂದು ಹೇಳಿದ್ದಾರೆ.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಮಕ್ಕಳನ್ನು ಮೊದಲು ಊಟಕ್ಕೆ ಬಿಡಿ.