ಗಾಜಿನ ತೊಟ್ಟಿಯೂ ಖರ್ಚಿನ ಲೆಕ್ಕವೂ



ರಾಜ್ಯೋತ್ಸವದ ವೇದಿಕೆಯಲ್ಲಿ ಮೀನಿನ ತೊಟ್ಟಿಯ ಮಾತೇ ಎಂದು ತಾವು ಹುಬ್ಬೇರಿಸಬಹುದು. ಮರೀನ್ ಡ್ರೈವಿನಲ್ಲಿ ತಾರಾಪೋರೆವಾಲಾ ಮತ್ಸ್ಯಾಲಯ ತೆರೆದದ್ದು 1951ರಲ್ಲಿ. ಮುಂಬಯಿಯ ಮಕ್ಕಳಿಗೆ ಈ ಹುಚ್ಚು ಹೊಸದಲ್ಲ. ನಾನು ಹೇಳಹೊರಟಿರುವುದು ಮಾತ್ರ ಮೀನಿನ ಕಥೆಯಲ್ಲ, ನಾನು ಮಾಡಿದ ಒಂದು ಲೆಕ್ಕದ ತಪ್ಪು.

ಕಳೆದ ವರ್ಷ ನಮ್ಮ ಕಟ್ಟಡದ ಹುಡುಗರಿಗಾಗಿ ತೊಟ್ಟಿ ಕಟ್ಟುವ ಸ್ಪರ್ಧೆ ಏರ್ಪಟ್ಟಿತು. ಬ್ಯಾಂಕಿನ ಗುಮಾಸ್ತ, ಬಿ.ಕಾಂ. ಬೇರೆ ಎಂದು ನಿಯಮ ಬರೆಯುವ ಕೆಲಸವನ್ನು ನನಗೇ ಒಪ್ಪಿಸಿದರು. ತೊಟ್ಟಿ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ, ಖರ್ಚು 3,000 ರೂಪಾಯಿ ಮೀರಕೂಡದು, ರಸೀದಿ ಲಗತ್ತಿಸತಕ್ಕದ್ದು. ಇಷ್ಟೇ. ಉಳ್ಳವರನ್ನೂ ಇಲ್ಲದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದೆನೆಂದು ಒಳಗೊಳಗೇ ಬೀಗಿದೆ.

ಲೆಕ್ಕಗಳು ಕೈಗೆ ಬಂದವು. ಒಬ್ಬರ ಪಟ್ಟಿಯಲ್ಲಿ ತೊಟ್ಟಿ, ದೀಪ, ಫಿಲ್ಟರ್ ಎಲ್ಲವೂ 'ಮನೆಯಲ್ಲೇ ಇತ್ತು'. ಮರದ ಬೇರು 'ಮಾವ ಕೊಟ್ಟದ್ದು'. ಒಟ್ಟು 640 ರೂಪಾಯಿ. ಇನ್ನೊಬ್ಬ ಹುಡುಗ ಭಾನುವಾರವೆಲ್ಲ ಕುರ್ಲಾದ ಮೀನಿನ ಸಂತೆ ಸುತ್ತಿ, ಚೌಕಾಸಿ ಮಾಡಿ, ಗಾಜನ್ನು ತಾನೇ ಅಂಟಿಸಿ, ಪೈಸೆ ಬಿಡದೆ ಬರೆದಿದ್ದ: 3,040. ನಾನೇ ಕೆಂಪು ಶಾಯಿಯಲ್ಲಿ ಅವನ ಹೆಸರು ಹೊಡೆದೆ. ಅವನು ಜಗಳವಾಡಲಿಲ್ಲ. "ಅವರ ಫಿಲ್ಟರಿಗೆ ಬೆಲೆಯೇ ಇಲ್ಲವೆ, ಅಂಕಲ್?" ಎಂದಷ್ಟೇ ಕೇಳಿದ.

ಗೆದ್ದವರು ಏನನ್ನೂ ಮುಚ್ಚಿಡಲಿಲ್ಲ. ನಾನು ಕೇಳಿದ್ದು ಎಷ್ಟು ಖರ್ಚಾಯಿತೆಂದು. ಕೇಳಬೇಕಾಗಿದ್ದದ್ದು ತೊಟ್ಟಿಯಲ್ಲಿ ಎಷ್ಟು ಬೆಲೆಯ ಸಾಮಾನಿದೆಯೆಂದು. ಕೊಡುಗೆಯಾಗಿ ಬಂದದ್ದಕ್ಕೂ ಪೇಟೆಯ ಬೆಲೆ ಕಟ್ಟಬೇಕು, ಹಳೆಯದಾದರೆ ಸವಕಳಿ ಕಳೆಯಬೇಕು. ಈ ಪಾಠ ಓದಿಯೇ ನಾನು ಪರೀಕ್ಷೆ ಪಾಸು ಮಾಡಿದ್ದು! ರಸೀದಿಯ ನಿಯಮವಂತೂ ಇನ್ನೂ ಅನ್ಯಾಯ. ಬೀದಿಬದಿಯ ವ್ಯಾಪಾರಿ ರಸೀದಿ ಕೊಡುವನೆ?

ಬೆಲೆಯೇ ಕಟ್ಟಲಾಗದ್ದೂ ಒಂದಿದೆ. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಮತ್ತೊಂದು ಬಗೆಯದು ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹಳೆಯ ಫಿಲ್ಟರಿನ ಸ್ಪಂಜಿನಲ್ಲಿ ಅವು ಮೊದಲೇ ಮನೆಮಾಡಿರುತ್ತವೆ. ಹೊಸಬನಿಗೆ ನಾನು ಕೊಟ್ಟ ಗಡುವೋ, 10 ದಿನ. ಸ್ಪರ್ಧೆಯ ದಿನ ಎಲ್ಲ ತೊಟ್ಟಿಗಳೂ ಥಳಥಳ ಹೊಳೆದವು. ಮರುವಾರ ಎರಡು ಮನೆಗಳಲ್ಲಿ ಮೀನು ತೇಲಿದವು.

ಆ ಹುಡುಗನ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವನ ತಾಯಿ ಕಾಫಿ ಕೊಟ್ಟರು. ಅವನು ಮಾತ್ರ ಬಹಳ ಹೊತ್ತು ಮೀನುಗಳನ್ನೇ ನೋಡುತ್ತ ಕುಳಿತಿದ್ದ.

ಈ ವರ್ಷ ಸಾಮಾನುಗಳ ಬೆಲೆಪಟ್ಟಿಯನ್ನು ಮೊದಲೇ ಹಚ್ಚುತ್ತೇವೆ; ಯಾರು ಎಲ್ಲಿಂದ ತಂದರೂ ಲೆಕ್ಕಕ್ಕೆ ಅದೇ ಬೆಲೆ. ಫಿಲ್ಟರಿನಲ್ಲಿ ಯಾರೂ ಜಿಪುಣತನ ಮಾಡದಿರಲೆಂದು ಅದನ್ನು ಮಿತಿಯ ಹೊರಗಿಟ್ಟಿದ್ದೇವೆ. ತೀರ್ಪು 8 ವಾರ ಕಳೆದ ಮೇಲೆ. ತನ್ನ ಹಳೆಯ ಸ್ಪಂಜನ್ನು ಕತ್ತರಿಸಿ ಎಲ್ಲರಿಗೂ ಒಂದೊಂದು ತುಂಡು ಹಂಚಲು ಆ ಹುಡುಗ ಒಪ್ಪಿದ್ದಾನೆ. ಪಟ್ಟಿಯ ಕರಡು ನನ್ನ ಜೇಬಿನಲ್ಲೇ ಇದೆ. ಊಟದ ವೇಳೆಗೆ ದಯವಿಟ್ಟು ಕಣ್ಣಾಡಿಸಿ, ತಪ್ಪಿದ್ದರೆ ಈಗಲೇ ಹೇಳಿ.